12 ಸೆಂಟಿಮೀಟರಿನ ವಾಟ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಶಿಕ್ಷಣ ಪುಟದಲ್ಲಿ ಒಬ್ಬ ತಂದೆ ಕೇಳಿದ್ದ ಪ್ರಶ್ನೆ ಓದಿದೆ. ಮಗಳಿಗೆ ಗಣಿತ ಚೆನ್ನಾಗಿ ಬರುತ್ತದೆ, ಚಿತ್ರವನ್ನೂ ಬರೆಯುತ್ತಾಳೆ, ಕಟ್ಟಡಗಳೆಂದರೆ ಹುಚ್ಚು. ಆರ್ಕಿಟೆಕ್ಚರ್‌ಗೆ ಸೇರಿಸಲೋ, ಸಿವಿಲ್‌ಗೆ ಸೇರಿಸಲೋ ಅಂತ ಕೇಳಿದ್ದರು. ನಿಮ್ಮ ತಜ್ಞರು ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟರು. ಕೈಯಲ್ಲಿ ಕಲೆ ಇದ್ದರೆ ಆರ್ಕಿಟೆಕ್ಚರ್, ಲೆಕ್ಕ ಬಂದರೆ ಸಿವಿಲ್. ಎರಡೂ ಇದ್ದರೆ? ಅದಕ್ಕೆ ಉತ್ತರ ಇರಲಿಲ್ಲ. ಎರಡೂ ಇದೆ ಅಂತ ಆ ತಂದೆ ಮೊದಲನೇ ಸಾಲಿನಲ್ಲೇ ಬರೆದಿದ್ದರಲ್ವಾ?

ಆ ಎರಡರ ನಡುವೆ ಒಂದು ಕೆಲಸ ಇದೆ. ನಾನು 19 ವರ್ಷದಿಂದ ಮಾಡುತ್ತಿರುವುದು ಅದನ್ನೇ. ಆರ್ಕಿಟೆಕ್ಚರಲ್ ಎಂಜಿನಿಯರಿಂಗ್ ಅಂತ ಹೆಸರು. ಏನು ಕೆಲಸ ನಿಮ್ಮದು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಈ ಹೆಸರು ಹೇಳುತ್ತಿದ್ದೆ. "ಓ, ಪ್ಲ್ಯಾನ್ ಹಾಕಿಕೊಡ್ತೀರಾ?" ಅನ್ನುತ್ತಿದ್ದರು. ಈಗ ಬೇರೆ ಥರ ಹೇಳುತ್ತೇನೆ. ನೀವು ಕೂತಿರುವ ಆಫೀಸಿನ ಫಾಲ್ಸ್ ಸೀಲಿಂಗ್‌ನ ಒಂದು ಹಲಗೆ ಸರಿಸಿ, ಮೇಲೆ ಇಣುಕಿ ನೋಡಿ. ಅಲ್ಲಿ ಕಾಣುವುದೇ ನಮ್ಮ ಕೆಲಸ.

ಅಲ್ಲಿ ಇರುವುದು ಸಾಮಾನ್ಯವಾಗಿ ಒಂದು ಮೊಳದಷ್ಟು ಜಾಗ. ಅಷ್ಟರಲ್ಲೇ ಏಸಿಯ ಗಾಳಿ ಸಾಗುವ ಕೊಳವೆ, ಅಂದರೆ ಡಕ್ಟ್ ಹೋಗಬೇಕು. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪು ಹೋಗಬೇಕು. ವೈರು ಹೊತ್ತ ಟ್ರೇ ಹೋಗಬೇಕು. ಮೇಲಿನ ಮಹಡಿಯ ಬಚ್ಚಲಿನ ನೀರು ಇಳಿಯಬೇಕು. ಇವೆಲ್ಲದರ ಮಧ್ಯೆ ಬೀಮು ಅಡ್ಡ ಮಲಗಿರುತ್ತದೆ. ಆರ್ಕಿಟೆಕ್ಟ್‌ಗೆ ಸೀಲಿಂಗ್ ಎತ್ತರ ಬೇಕು. ಕಟ್ಟಡದ ಬಲ ನೋಡುವ ಸ್ಟ್ರಕ್ಚರಲ್‌ನವರಿಗೆ ಬೀಮಿನ ಆಳ ಬೇಕು. ಏಸಿಯವರಿಗೆ ದೊಡ್ಡ ಡಕ್ಟ್ ಬೇಕು, ಚಿಕ್ಕದಾದರೆ ಗಾಳಿ ಶಿಳ್ಳೆ ಹೊಡೆಯುತ್ತದೆ. ಯಾರು ಯಾರಿಗೆ ದಾರಿ ಬಿಡಬೇಕು? ಈ ಜಗಳ ಬಿಡಿಸುವುದೇ ಅರ್ಧ ಉದ್ಯೋಗ. ವೈರು ಬಡಪಾಯಿ, ಎಲ್ಲಿ ಬೇಕಾದರೂ ಬಾಗುತ್ತದೆ. ಅದಕ್ಕೆ ಕೊನೆಯ ಪಾಳಿ. ಡಕ್ಟನ್ನು ಒಂದು ಮಿತಿಯವರೆಗೆ ಚಪ್ಪಟೆ ಮಾಡಬಹುದು. ಬಚ್ಚಲಿನ ಪೈಪು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಅದರಲ್ಲಿ ನೀರನ್ನು ಪಂಪು ನೂಕುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ವಾಟ, ಅಂದರೆ ಇಳಿಜಾರು, ಕೊಡಲೇಬೇಕು. ಈ ವಾಟದ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ಕೆಲಸವೇ ಹೋಗುವುದರಲ್ಲಿತ್ತು ಅದರಿಂದ.

ನಿಮ್ಮ ತಜ್ಞರು ಲೆಕ್ಕ ಅಂದಾಗ ಕಂಬ, ಬೀಮು, ಸಿಮೆಂಟಿನ ಲೆಕ್ಕವನ್ನಷ್ಟೇ ಅಂದುಕೊಂಡಿರಬೇಕು. ಇಲ್ಲಿ ಲೆಕ್ಕ ಎಲ್ಲೆಲ್ಲಿಂದಲೋ ಬರುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಹೆಚ್ಚುಕಮ್ಮಿ 100 ವ್ಯಾಟ್ ಬಿಸಿ ಹೊರಹಾಕುತ್ತಾನೆ. ಹಳೇ ಕಾಲದ ಒಂದು ಬಲ್ಬಿನಷ್ಟು. 200 ಜನ ಕೂರುವ ಸಭಾಂಗಣ ಅಂದರೆ 200 ಬಲ್ಬು, 20 ಕಿಲೋವ್ಯಾಟ್. ದೀಪ ಹಾಕುವ ಮೊದಲೇ, ಬಿಸಿಲು ಒಳಗೆ ಬರುವ ಮೊದಲೇ ಇಷ್ಟು ಬಿಸಿ ಹೊರಗೆ ಕಳಿಸಬೇಕು. ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ನಗು ಬಂದಿತ್ತು. ಮದುವೆ ಮನೆಯಲ್ಲಿ ಜನರನ್ನು ಎಣಿಸಿದ ಹಾಗೆ ಬಲ್ಬು ಎಣಿಸುತ್ತಾ ಕೂತಿದ್ದೆ. ಅಂದಹಾಗೆ ಏಸಿ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಮಾಡಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಮಾಡಿದ ಏರ್ಪಾಡು ಅದು. ಪತ್ರಿಕೆಯವರಾದ ನಿಮಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಸದ್ದಿನ ಲೆಕ್ಕವೂ ಇದೆ. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಅದರದ್ದೇ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನಲ್ಲಿ ಹೊಸ ಉಪನ್ಯಾಸ ಕೋಣೆ ಇತ್ತು. ನೋಡಲು ಚೆಂದ. ಆದರೆ ಮೇಷ್ಟ್ರು ಹೇಳಿದ್ದು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಜಾಸ್ತಿ ಹೊತ್ತು ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಅಷ್ಟರಲ್ಲಿ ಅವರು ಇನ್ನೂ ಹತ್ತು ಹದಿನೈದು ಪದ ಆಡಿರುತ್ತಿದ್ದರು. ಎಲ್ಲ ಕಲಸಿ ಗದ್ದಲ. ಸರಿಮಾಡಿ ಅಂತ ವ್ಯಾಲೇಸ್ ಸೇಬಿನ್ ಎಂಬ ಭೌತಶಾಸ್ತ್ರದ ಯುವ ಅಧ್ಯಾಪಕರಿಗೆ ಒಪ್ಪಿಸಿದರು. ಅವರು ಮಾಡಿದ್ದೇನು ಗೊತ್ತಾ? ರಾತ್ರಿ ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಈ ಕೋಣೆಯಲ್ಲಿ ಹಾಸಿದರು. ಆರ್ಗನ್ ವಾದ್ಯದ ಒಂದು ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಇನ್ನಷ್ಟು ಮೆತ್ತೆ ಹಾಕಿ ಮತ್ತೆ ಅಳೆದರು. ಹೀಗೆ ರಾತ್ರಿ ಮೇಲೆ ರಾತ್ರಿ. ಕೊನೆಗೆ ಸಿಕ್ಕ ಸೂತ್ರ ಒಂದೇ ಸಾಲು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿನ ವಸ್ತುಗಳೆಲ್ಲ ಒಟ್ಟು ಎಷ್ಟು ಸದ್ದು ಹೀರುತ್ತವೋ ಅದರಿಂದ ಭಾಗಿಸಿ. ಮೀಟರಿನಲ್ಲಿ ಅಳೆದಿದ್ದರೆ, ಸದ್ದು ಅಡಗಲು ಬೇಕಾದ ಹೊತ್ತು ಸೆಕೆಂಡಿನಲ್ಲಿ ಬರುತ್ತದೆ. 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಎಂಬ ಸಂಗೀತ ಮಂದಿರ ಕಟ್ಟುವಾಗ ಅದನ್ನೇ ಬಳಸಿದರು. ಇವತ್ತಿಗೂ ಯಾವುದಾದರೂ ತರಗತಿಯ ಸೀಲಿಂಗಿಗೆ ಏನು ಹಾಕಬೇಕು ಅಂತ ಕೇಳಿದರೆ ನಾನು ಮೊದಲು ಗೀಚುವುದು ಆ ಸಾಲನ್ನೇ.

ಮೆತ್ತೆ ಹೊತ್ತ ಅಧ್ಯಾಪಕರನ್ನು ಯಾಕೆ ನೆನೆದೆ ಅಂದರೆ, ನಿಮ್ಮ ತಜ್ಞರ ಪಟ್ಟಿಯಲ್ಲಿ ಇಂಥವರಿಗೆ ಜಾಗ ಇಲ್ಲ. ಅವರು ಕಲಾವಿದರೂ ಅಲ್ಲ, ಸಿಮೆಂಟಿನವರೂ ಅಲ್ಲ. ಆದರೆ ಅವರು ಇಲ್ಲದಿದ್ದರೆ ಆ ಕೋಣೆ ಇದ್ದೂ ಇಲ್ಲದ ಹಾಗೆ.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಆರು ಮಹಡಿಯ ಕಟ್ಟಡ. ಬೀಮುಗಳಲ್ಲಿ ಪೈಪು ತೂರಲು ಎಲ್ಲೆಲ್ಲಿ ಸ್ಲೀವ್ ಬಿಡಬೇಕು ಅಂತ ಡ್ರಾಯಿಂಗ್ ಮಾಡುವ ಕೆಲಸ ನನ್ನದು. ಸ್ಲೀವ್ ಅಂದರೆ ಕಾಂಕ್ರೀಟ್ ಸುರಿಯುವ ಮೊದಲೇ ಸೆಂಟ್ರಿಂಗ್ ಹಲಗೆಗಳ ಒಳಗೆ ಇಡುವ ಒಂದು ಕೊಳವೆ ತುಂಡು. ಆಮೇಲೆ ಪೈಪು ಅದರೊಳಗಿಂದ ಹಾಯುತ್ತದೆ. ಮೊದಲೇ ಗೊತ್ತಿದ್ದರೆ ಸ್ಟ್ರಕ್ಚರಲ್‌ನವರು ಅದರ ಸುತ್ತ ಹೆಚ್ಚುವರಿ ಕಂಬಿ ಕಟ್ಟಿಸುತ್ತಾರೆ, ಬೀಮಿಗೆ ಏನೂ ಆಗುವುದಿಲ್ಲ. ನಾನು ಬಹಳ ನೀಟಾಗಿ ಮಾಡಿದೆ. ಒಂದೊಂದು ಸ್ಲೀವ್‌ಗೂ ನಂಬರು, ಒಂದೊಂದಕ್ಕೂ ಲೆವೆಲ್ಲು. ಸ್ಕ್ರೀನ್ ಮೇಲೆ ನೋಡಿದರೆ ಎಲ್ಲವೂ ಒಂದೇ ಗೆರೆಯಲ್ಲಿ, ಸೈನಿಕರ ಹಾಗೆ ನಿಂತಿದ್ದವು.

ತಪ್ಪು ಅದೇ. ಒಂದೇ ಗೆರೆಯಲ್ಲಿ ಇರಬಾರದಿತ್ತು.

ಮೂರನೇ ಮಹಡಿಯ ಒಂದು ಬಚ್ಚಲಿನ ಪೈಪು 12 ಮೀಟರ್ ಓಡಿ, ಪೈಪುಗಳೆಲ್ಲ ಮೇಲಿಂದ ಕೆಳಕ್ಕೆ ಇಳಿಯುವ ಶಾಫ್ಟ್ ಸೇರಬೇಕಿತ್ತು. ಅದಕ್ಕೆ 100ಕ್ಕೆ 1ರ ವಾಟ. ಅಂದರೆ ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಇಳಿಯಬೇಕು. 12 ಮೀಟರ್ ಹೋಗುವಷ್ಟರಲ್ಲಿ 12 ಸೆಂಟಿಮೀಟರ್. ನಾಲ್ಕನೇ ಕ್ಲಾಸಿನ ಲೆಕ್ಕ. ನಾನು ಪೈಪಿನ ಶುರುವಿನಲ್ಲಿ ಎಷ್ಟು ಎತ್ತರ ಇತ್ತೋ ಅಷ್ಟನ್ನೇ ಕೊನೆಯ ಬೀಮಿನಲ್ಲೂ ಬರೆದಿದ್ದೆ. ಡ್ರಾಯಿಂಗ್ ಮೂರು ಟೇಬಲ್ ದಾಟಿ ಹೋಯಿತು. ಯಾರೂ ಹಿಡಿಯಲಿಲ್ಲ. ಮೇಲಿನಿಂದ ನೋಡುವ ಪ್ಲ್ಯಾನಿನಲ್ಲಿ ವಾಟ ಕಾಣುವುದಿಲ್ಲ. ನೀರಿಗೆ ಮಾತ್ರ ಕಾಣುತ್ತದೆ.

ಕಾಂಕ್ರೀಟ್ ಆಯಿತು. ಸೆಂಟ್ರಿಂಗ್ ಬಿಚ್ಚಿದರು. ಪ್ಲಂಬರ್ ಬಂದು ರಸಮಟ್ಟ ಹಿಡಿದು ಪೈಪು ತಂದರೆ, ಸ್ಲೀವ್ ಮೇಲಿದೆ, ಪೈಪು ಕೆಳಗಿದೆ. ನಡುವೆ ಅಂಗೈ ಅಗಲದಷ್ಟು ಅಂತರ. ಅವನು ಯಾರನ್ನೂ ಕೇಳಲಿಲ್ಲ. ಕೋರ್ ಕಟಿಂಗ್ ಮೆಷಿನ್ ತರಿಸಿ ಕೆಳಗೆ ಇನ್ನೊಂದು ತೂತು ಕೊರೆಯಲು ಶುರುಮಾಡಿದ.

ಆ ಬೀಮಿನ ಆಳ 450 ಮಿಲಿಮೀಟರ್. ಬೀಮು ಬಾಗುವಾಗ ಅದರ ಕೆಳಭಾಗ ಹಿಗ್ಗಲು ನೋಡುತ್ತದೆ. ಕಾಂಕ್ರೀಟಿಗೆ ಹಿಗ್ಗುವ ಶಕ್ತಿ ಇಲ್ಲ, ಅದು ಬಿರುಕು ಬಿಡುತ್ತದೆ. ಹಾಗಾಗಿ ಕೆಳಗಡೆ ಉದ್ದಕ್ಕೂ ಕಂಬಿ ಹಾಕಿರುತ್ತಾರೆ. ಎರಡು ಕಂಬಗಳ ನಡುವಿನ ಮಧ್ಯಭಾಗದಲ್ಲಿ ಹಿಗ್ಗು ಎಲ್ಲಕ್ಕಿಂತ ಜಾಸ್ತಿ. ಅವನು ಕೊರೆಯುತ್ತಿದ್ದದ್ದು ಸರಿಯಾಗಿ ಅಲ್ಲೇ. ಅಡ್ಡಲಾಗಿ, ಕಂಬಿಗಳ ಸಾಲಿಗೆ ನೇರವಾಗಿ.

ಕೆಳಗಿನ ಮಹಡಿಯಲ್ಲಿದ್ದ ಮೇಸ್ತ್ರಿಗೆ ಮೆಷಿನ್ನಿನ ಸದ್ದು ಬದಲಾದದ್ದು ಕೇಳಿಸಿತಂತೆ. ಕಾಂಕ್ರೀಟ್ ಕೊರೆಯುವಾಗ ಒಂದು ಥರ ಗೊರಗೊರ. ಕಬ್ಬಿಣ ಸಿಕ್ಕರೆ ಕೀರಲು ದನಿ. ಓಡಿ ಬಂದು ಸ್ವಿಚ್ ಆರಿಸಿದರು. ಅಷ್ಟರಲ್ಲಿ ನಾಲ್ಕು ಕಂಬಿಯಲ್ಲಿ ಎರಡು ಹೋಗಿದ್ದವು.

ಮಧ್ಯಾಹ್ನ ಅವರು ಸೈಟ್ ಆಫೀಸಿಗೆ ಬಂದರು. ಕೈಯಲ್ಲಿ ಕಾಂಕ್ರೀಟಿನ ಒಂದು ಉರುಳೆ. ಒಂದು ಗೇಣು ಉದ್ದವೂ ಇರಲಿಲ್ಲ. ಇನ್ನೂ ಒದ್ದೆ ಇತ್ತು, ಬೂದು ಬಣ್ಣದ ನೀರು ಸೋರುತ್ತಿತ್ತು. ನನ್ನ ಡ್ರಾಯಿಂಗ್ ಮೇಲೆಯೇ ಇಟ್ಟರು. ಉರುಳೆಯ ಮೈಮೇಲೆ ಎರಡು ಕಡೆ ಕಂಬಿ ಕತ್ತರಿಸಿದ ಗುರುತು. ಹೊಸ ನಾಣ್ಯದ ಹಾಗೆ ಫಳಫಳ ಹೊಳೆಯುತ್ತಿತ್ತು. "ಇದು ನಿಮ್ಮದಿರಬೇಕು ಮೇಡಂ," ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಏನಾಯಿತು ಅಂದರೆ, ಸಂಜೆಯೊಳಗೆ ಬೀಮಿನ ಕೆಳಗೆ ಮತ್ತೆ ಜಾಕಿ ನಿಲ್ಲಿಸಿದರು. ಸ್ಟ್ರಕ್ಚರಲ್ ಎಂಜಿನಿಯರ್ ಹೊಸದಾಗಿ ಲೆಕ್ಕ ಹಾಕಿ, ಬೀಮಿಗೆ ಉಕ್ಕಿನ ಪ್ಲೇಟ್ ಕಟ್ಟಿ ಬಲಪಡಿಸಿದರು. ಆ ಮಹಡಿಯ ಕೆಲಸ ಮೂರು ವಾರ ನಿಂತಿತು. ನನ್ನ ಹಿರಿಯರು ನನ್ನನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದರು. "12 ಮೀಟರಿಗೆ ವಾಟ ಎಷ್ಟಮ್ಮ?" ಹೇಳಿದೆ. "ಡ್ರಾಯಿಂಗ್‌ನಲ್ಲಿ ಎಲ್ಲಿದೆ ಅದು?" ಸುಮ್ಮನಾದೆ. ಅವರೂ ಸುಮ್ಮನಾದರು. ಇಷ್ಟೇ. ಆ ಉರುಳೆ ಈಗಲೂ ನನ್ನ ಟೇಬಲ್ ಮೇಲಿದೆ. ಕಂಬಿಯ ಹೊಳಪು ಹೋಗಿ ತುಕ್ಕು ಹಿಡಿದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಪೇಪರ್ ವೇಟ್ ಅಂದುಕೊಳ್ಳುತ್ತಾರೆ.

ಪ್ಲಂಬರ್ ಕೇಳಬೇಕಿತ್ತು ನಿಜ. ಆದರೆ ಅವನು ಕೇಳುವ ಪರಿಸ್ಥಿತಿ ತಂದವಳು ನಾನು. ಈ ಉದ್ಯೋಗದಲ್ಲಿ ತಪ್ಪುಗಳು ಹುಟ್ಟುವುದು ಯಾರ ಡ್ರಾಯಿಂಗ್ ಒಳಗೂ ಅಲ್ಲ, ಎರಡು ಡ್ರಾಯಿಂಗ್‌ಗಳ ನಡುವೆ. ನನಗೆ ಅದೃಷ್ಟ ಇತ್ತು, ಯಾರಿಗೂ ಏನೂ ಆಗಲಿಲ್ಲ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ನಡೆದದ್ದನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಲಾಬಿಯ ಮೇಲೆ, ಸೀಲಿಂಗಿನಿಂದ ಇಳಿಬಿಟ್ಟ ಉಕ್ಕಿನ ರಾಡುಗಳಿಗೆ ಎರಡು ತೂಗು ಹಾದಿಗಳು, ಒಂದರ ಕೆಳಗೆ ಒಂದು. ಮೊದಲ ಡಿಸೈನಿನಲ್ಲಿ ರಾಡು ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದ. ಅಷ್ಟುದ್ದದ ರಾಡಿಗೆ ಸ್ಕ್ರೂ ಮರೆ ಕೊರೆದು ನಟ್ಟು ತಿರುಗಿಸುತ್ತಾ ತರುವುದು ತಲೆನೋವು. ಹಾಗಾಗಿ ಒಂದು ರಾಡಿನ ಬದಲು ಎರಡು ತುಂಡು ಮಾಡಿದರು. ಕೆಳಗಿನ ಹಾದಿಯನ್ನು ಸೀಲಿಂಗಿಗೆ ಕಟ್ಟುವ ಬದಲು ಮೇಲಿನ ಹಾದಿಗೇ ನೇತುಹಾಕಿದರು. ಎರಡು ಗಡಿಗೆಗಳನ್ನು ಒಂದೇ ನೆಲುವಿನ ಹಗ್ಗಕ್ಕೆ ಬೇರೆ ಬೇರೆ ಗಂಟು ಹಾಕಿ ಕಟ್ಟುವುದು ಒಂದು. ಮೇಲಿನ ಗಡಿಗೆಯ ಕಂಠಕ್ಕೆ ಕೆಳಗಿನ ಗಡಿಗೆ ಕಟ್ಟುವುದು ಇನ್ನೊಂದು. ಹಗ್ಗಕ್ಕೆ ಭಾರ ಎರಡರಲ್ಲೂ ಅಷ್ಟೇ. ಆದರೆ ಮೇಲಿನ ಗಡಿಗೆಯ ಗಂಟಿಗೆ ಈಗ ಎರಡು ಪಟ್ಟು. ಡ್ರಾಯಿಂಗ್‌ನಲ್ಲಿ ನೋಡಿದರೆ ಅದೊಂದು ಸಣ್ಣ ಬದಲಾವಣೆ. ಲೆಕ್ಕ ಹಾಕದೆ ಒಪ್ಪಿಗೆಯ ಮುದ್ರೆ ಬಿತ್ತು. ಅವತ್ತು ಸಂಜೆ ನೃತ್ಯ ಕೂಟ ನಡೆಯುತ್ತಿದ್ದಾಗ ಹಾದಿಗಳು ಕಳಚಿ ಬಿದ್ದು 114 ಜನ ಸತ್ತರು. ಮುದ್ರೆ ಹಾಕಿದ ಎಂಜಿನಿಯರುಗಳ ಲೈಸೆನ್ಸ್ ಹೋಯಿತು.

ಇದನ್ನು ಬರೆದದ್ದು ಮಗುವನ್ನು ಹೆದರಿಸಲು ಅಲ್ಲ. ಕಾಲೇಜಿನ ಜಾಹೀರಾತುಗಳಲ್ಲಿ ಹೊಳೆಯುವ ಗಾಜಿನ ಗೋಪುರ ಮಾತ್ರ ಇರುತ್ತದೆ. ಮುದ್ರೆ ಒತ್ತುವ ಕೈ ಎಷ್ಟು ಭಾರ ಅಂತ ಯಾರೂ ಹೇಳುವುದಿಲ್ಲ. ಸೇರುವ ಮೊದಲು ಗೊತ್ತಿರಲಿ.

ಇನ್ನು ಓದಿನ ವಿಷಯ. ಈ ಹೆಸರಿನದೇ ಪದವಿ ಎಲ್ಲ ಕಡೆ ಸಿಗುವುದಿಲ್ಲ. ಅಮೆರಿಕದಲ್ಲಿ ಹಳೆಯದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1890ರ ದಶಕದಲ್ಲೇ ಶುರುವಾಗಿತ್ತು. ಪೆನ್ ಸ್ಟೇಟ್‌ನಲ್ಲಿ ಅದು ಐದು ವರ್ಷದ ಕೋರ್ಸು. ಅಲ್ಲಿ ಸ್ಟ್ರಕ್ಚರ್, ಮೆಕ್ಯಾನಿಕಲ್, ಲೈಟಿಂಗ್-ಎಲೆಕ್ಟ್ರಿಕಲ್, ನಿರ್ಮಾಣ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಜಪಾನಿನಲ್ಲಂತೂ ಆರ್ಕಿಟೆಕ್ಟ್ ಆಗುವವರೂ ಕಟ್ಟಡದ ಎಂಜಿನಿಯರ್ ಆಗುವವರೂ ಒಂದೇ ವಿಭಾಗದಲ್ಲಿ ಓದುತ್ತಾರೆ. ಆ ಪದವಿ ಸಿಗದ ಕಡೆ ಸುತ್ತು ಹಾದಿ ಇದ್ದೇ ಇದೆ. ಸಿವಿಲ್ ಓದಿ ಸ್ಟ್ರಕ್ಚರ್‌ಗೆ ಬರುತ್ತಾರೆ, ಮೆಕ್ಯಾನಿಕಲ್ ಓದಿ ಏಸಿ-ಗಾಳಿಯ ಕಡೆ ಬರುತ್ತಾರೆ, ಎಲೆಕ್ಟ್ರಿಕಲ್‌ನಿಂದ ಬೆಳಕಿನ ಕಡೆ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಆರ್ಕಿಟೆಕ್ಚರ್ ಮುಗಿಸಿ ಆಮೇಲೆ ಶಬ್ದಶಾಸ್ತ್ರಕ್ಕೆ ಹೊರಳಿದವಳು. ಒಂದು ಎಚ್ಚರಿಕೆ ಮಾತ್ರ ಬೇಕು. ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಯಾರು ಬಳಸಬಹುದು ಅಂತ ಎಷ್ಟೋ ದೇಶಗಳಲ್ಲಿ ಕಾನೂನು ಇದೆ. ಆರ್ಕಿಟೆಕ್ಚರಲ್ ಎಂಜಿನಿಯರಿಂಗ್ ಓದಿದ ಮಾತ್ರಕ್ಕೆ ಆ ಹೆಸರು ಸಿಗುವುದಿಲ್ಲ. ಓದು ಮುಗಿಸಿದ ಮೇಲೆ ಯಾವ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಬರುತ್ತದೆ ಅಂತ ಸೇರುವ ಮೊದಲೇ ಕಾಲೇಜಿನವರನ್ನು ಬಾಯಿಬಿಟ್ಟು ಕೇಳಿ. ಉತ್ತರ ತೊದಲಿದರೆ ಅಲ್ಲಿಂದ ಎದ್ದು ಬನ್ನಿ.

ಗಣಿತ ಎಷ್ಟು ಬೇಕು ಅಂತಲೂ ಕೇಳುತ್ತಾರೆ. ಜಾಸ್ತಿ ಬೇಕು, ಆದರೆ ಜನ ಹೆದರುವಂಥದ್ದಲ್ಲ. ಲೆಕ್ಕ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವ ಕಿವಿ ಬೇಕು. ಎರಡು ತುದಿಗೆ ಸುಮ್ನೆ ಆತು ಕೂತ ಒಂದು ಬೀಮಿನ ಉದ್ದಕ್ಕೂ ಸಮನಾಗಿ ಭಾರ ಇದೆ ಅಂದುಕೊಳ್ಳಿ. ಅದನ್ನು ಮಧ್ಯದಲ್ಲಿ ಬಗ್ಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕಂಬಗಳ ನಡುವಿನ ದೂರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಬೀಮನ್ನು ಅಷ್ಟೇ ದಪ್ಪಕ್ಕೆ ಬಿಟ್ಟರೆ ಅದು ಜೋತು ಬೀಳುವುದು ಎಷ್ಟು? ಹದಿನಾರು ಪಟ್ಟು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು ಮರೆಯುತ್ತಾರೆ. ‘ಅಬ್ಬಾ, ಹದಿನಾರಾ!’ ಅಂದವರಿಗೆ ಜೀವನಪೂರ್ತಿ ನೆನಪಿರುತ್ತದೆ. ಮುಂದೆ ಆರ್ಕಿಟೆಕ್ಟ್ ಬಂದು "ಮಧ್ಯದ ಕಂಬ ತೆಗೆದುಬಿಡೋಣ ಅಲ್ವಾ?" ಅಂದಾಗ ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲೇ ಅವರ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ. ಆ ಹಿಂಡುವಿಕೆಯೇ ಅನುಭವ.

ಚಿತ್ರ ಬೇಕಾ ಅಂದರೆ, ಬೇಕು. ಮಾರ್ಕೆಟ್ಟಿನ ದೃಶ್ಯಕ್ಕೆ ಬಣ್ಣ ತುಂಬುವ ಚಿತ್ರ ಅಲ್ಲ. ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಐದು ಗೆರೆ ಎಳೆದು, ಪೈಪು ಹೀಗೆ ಬರುತ್ತೆ ಮೇಸ್ತ್ರಿ, ಇಲ್ಲಿ ತಿರುಗುತ್ತೆ ಅಂತ ತೋರಿಸುವ ಚಿತ್ರ. ಸಾಫ್ಟ್‌ವೇರ್ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಸೇರಿದಾಗ ಆಟೋಕ್ಯಾಡ್, ಈಗ ರೆವಿಟ್. ಇನ್ನು ಐದು ವರ್ಷಕ್ಕೆ ಇನ್ನೇನೋ ಬರುತ್ತದೆ. ಇವತ್ತಿನ ಸಾಫ್ಟ್‌ವೇರ್ ಪೈಪು ಬೀಮಿಗೆ ಗುದ್ದಿದರೆ ಕೆಂಪು ಬಣ್ಣದಲ್ಲಿ ತೋರಿಸುತ್ತದೆ, ಒಳ್ಳೆಯದೇ. ಆದರೆ ಪೈಪಿಗೆ ವಾಟ ಇದೆ ಅಂತ ನಾವು ಹೇಳಿದರೆ ಮಾತ್ರ. ಹೇಳದಿದ್ದರೆ ನನ್ನ ಹಾಗೇ ಅದೂ ಸೈನಿಕರನ್ನು ನಿಲ್ಲಿಸುತ್ತದೆ.

ಬೇಸರದ ಸಂಗತಿಗಳನ್ನೂ ಬರೆಯದಿದ್ದರೆ ಮೋಸ. ಉದ್ಘಾಟನೆಯ ಕಲ್ಲಿನ ಮೇಲೆ ನಮ್ಮ ಹೆಸರು ಇರುವುದಿಲ್ಲ. ಬುರ್ಜ್ ಖಲೀಫಾ 828 ಮೀಟರ್ ಎತ್ತರ ಅಂತ ಶಾಲೆ ಮಕ್ಕಳಿಗೂ ಗೊತ್ತು. ಅದನ್ನು ಗಾಳಿಯ ಹೊಡೆತ ತಡೆಯುವ ಹಾಗೆ ನಿಲ್ಲಿಸಿದ ಸ್ಟ್ರಕ್ಚರಲ್ ಎಂಜಿನಿಯರ್ ಬಿಲ್ ಬೇಕರ್ ಹೆಸರು ಎಷ್ಟು ಜನರಿಗೆ ಗೊತ್ತು? ಇದಕ್ಕೆ ಅಪವಾದ ಅಂದರೆ ಫಜ್ಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಶಿಕಾಗೋದ 110 ಮಹಡಿಯ ಸಿಯರ್ಸ್ ಟವರನ್ನು (ಈಗ ಅದರ ಹೆಸರು ವಿಲ್ಲಿಸ್ ಟವರ್) ಒಂಬತ್ತು ಚೌಕ ಕೊಳವೆಗಳ ಕಟ್ಟಿನ ಹಾಗೆ ಯೋಚಿಸಿದ್ದು ಅವರೇ. ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ ಅವರ ಜೊತೆ ಕೂತು ಕೆಲಸ ಮಾಡಿದವರು. ಆ ಕಟ್ಟಡ ನೋಡಿದರೆ ಎಲ್ಲಿ ಆರ್ಕಿಟೆಕ್ಚರ್ ಮುಗಿಯಿತು, ಎಲ್ಲಿ ಎಂಜಿನಿಯರಿಂಗ್ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ನನ್ನ ಪ್ರಕಾರ ಆ ತಂದೆಯ ಪ್ರಶ್ನೆಗೆ ಉತ್ತರವೇ ಅದು.

ಮೊದಲ ಕೆಲವು ವರ್ಷ ದುಡಿಮೆ ಜಾಸ್ತಿ, ಸಂಬಳ ಕಡಿಮೆ. ಕಾಂಕ್ರೀಟ್ ಬೀಳುವ ಹಿಂದಿನ ರಾತ್ರಿ ನಿದ್ದೆ ಇಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟ. ಒಂದು ಮಹಡಿಯಲ್ಲಿ ಎಷ್ಟು ಜನ ಇದ್ದರೆ ಎಷ್ಟು ಶೌಚಾಲಯ ಬೇಕು ಅಂತ ಲೆಕ್ಕ ಹಾಕುವವಳು ನಾನು. ಅದೇ ಸೈಟಿನಲ್ಲಿ ನನಗೆ ಅಂತ ಒಂದು ಇಲ್ಲದೆ ಬೆಳಗಿನಿಂದ ನೀರು ಕುಡಿಯದೆ ನಿಂತ ದಿನಗಳಿವೆ. ಇದನ್ನು ಜೋರಾಗಿ ಕೇಳಿ ಪಡೆಯಲು ನನಗೆ ಆರು ವರ್ಷ ಹಿಡಿಯಿತು. ಆ ಹುಡುಗಿ ಮೊದಲ ದಿನವೇ ಕೇಳಲಿ.

ಆದರೂ ಈಗ ಸೇರುವವರನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಜಗತ್ತಿನಲ್ಲಿ ಶಕ್ತಿಯ ಬಳಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಮೂರನೇ ಒಂದು ಪಾಲು ಕಟ್ಟಡಗಳದ್ದೇ. ಕಟ್ಟಲು ಬೇಕಾದ ಸಿಮೆಂಟು, ಉಕ್ಕು, ಆಮೇಲೆ ವರ್ಷಗಟ್ಟಲೆ ಓಡುವ ಏಸಿ ಮತ್ತು ದೀಪ ಎಲ್ಲ ಸೇರಿ. ಕಿಟಕಿ ಯಾವ ದಿಕ್ಕಿಗೆ ಇರಬೇಕು, ಬಿಸಿಲಿಗೆ ಎಷ್ಟು ಚಾಚು ಬೇಕು, ಹಳೇ ಕಟ್ಟಡ ಕೆಡವದೆ ಹೇಗೆ ಉಳಿಸಬಹುದು ಅಂತ ನಾವು ಕೇಳಿದರೆ ಮೊದಲೆಲ್ಲ "ಅದೆಲ್ಲ ಆಮೇಲೆ ನೋಡೋಣ" ಅನ್ನುತ್ತಿದ್ದರು. ಈಗ ಮೊದಲನೇ ಮೀಟಿಂಗಿಗೇ ಕರೆಯುತ್ತಾರೆ.

ಪತ್ರ ಬರೆದ ತಂದೆಯವರೇ, ಮಗಳನ್ನು ಎಲ್ಲಿಗೆ ಸೇರಿಸಬೇಕು ಅಂತ ನಾನು ಹೇಳಲಾರೆ. ಒಂದು ಕೆಲಸ ಮಾಡಿ. ಮಳೆ ಬರುವಾಗ ಅವಳನ್ನು ಯಾವುದಾದರೂ ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋಗಿ. ಮೇಲೆ ಬಿದ್ದ ನೀರು ಎಲ್ಲಿಂದ ಇಳಿದು, ಎಲ್ಲಿ ತಿರುಗಿ, ಎಲ್ಲಿಗೆ ಹೋಗುತ್ತದೆ ಅಂತ ಹುಡುಕಲು ಹೇಳಿ. ಹತ್ತು ನಿಮಿಷಕ್ಕೆ ಸಾಕಾಗಿ ಮೊಬೈಲ್ ತೆಗೆದರೆ ಬೇರೆ ಯೋಚನೆ ಮಾಡಿ. ಪೈಪಿನ ಹಿಂದೆ ಹೋಗಿ ಹೋಗಿ, ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು "ಅಪ್ಪಾ, ಇದರ ಕೀಲಿಕೈ ಯಾರ ಹತ್ರ ಇರುತ್ತೆ?" ಅಂತ ಕೇಳಿದರೆ, ನಮ್ಮ ಕಡೆ ಕಳಿಸಿ.

ಇಂತಿ ನಿಮ್ಮ,
ಹಳೆಯ ಓದುಗರಲ್ಲಿ ಒಬ್ಬಳು, ಕಟ್ಟಡ ಎಂಜಿನಿಯರ್

ಮರೆತಿದ್ದೆ: ಆ ಪ್ರಶ್ನೋತ್ತರದ ಜೊತೆ ನೀವು ಹಾಕಿದ್ದ ಚಿತ್ರದಲ್ಲಿ ಸೂಟು ತೊಟ್ಟ ಎಂಜಿನಿಯರ್ ಸಾಹೇಬರು ಆಕಾಶಕ್ಕೆ ಬೆರಳು ತೋರಿಸುತ್ತಿದ್ದಾರೆ. ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಂಡಿಲ್ಲ. ನಮ್ಮ ಮೇಸ್ತ್ರಿ ನೋಡಿದ್ದರೆ ಸೈಟಿನಿಂದ ಹೊರಗೆ ಕಳಿಸುತ್ತಿದ್ದರು.